ಮರಳುನಾಡಿನ ಊಟ, ಮೈಯೊಳಗಿನ ಉರಿಯೂತ

ದಮ್ಮಾಮ್‌ನಲ್ಲಿರುವ ನಾವು ಕೆಲವು ಕನ್ನಡಿಗ ಕುಟುಂಬಗಳು ಶುಕ್ರವಾರ ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರಿ ಊಟ ಮಾಡುವುದು ಹಳೆಯ ರೂಢಿ. ಕರಾವಳಿಯವರು, ಮಲೆನಾಡಿನವರು, ಹುಬ್ಬಳ್ಳಿ ಕಡೆಯವರು ಎಲ್ಲರೂ ಇದ್ದೇವೆ. ಎರಡು ವರ್ಷದ ಹಿಂದೆ ಒಂದು ಶುಕ್ರವಾರ ನಮ್ಮ ಗೆಳೆಯನೊಬ್ಬ ಊಟಕ್ಕೆ ಬರಲಿಲ್ಲ. ಅವನ ಹೆಂಡತಿಯ ಫೋನು ಆಸ್ಪತ್ರೆಯಿಂದ ಬಂತು. ವಯಸ್ಸು 44. ಸಿಗರೇಟು ಮುಟ್ಟಿದವನಲ್ಲ. ದಪ್ಪವೂ ಅಲ್ಲ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಹೃದಯದ ರಕ್ತನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಬೇಕಾಯಿತು.

ಊರಿನಲ್ಲಿ ಇಂಥದ್ದು ಆದರೆ ಅಣ್ಣತಮ್ಮಂದಿರು, ನೆಂಟರು ಓಡಿ ಬರುತ್ತಾರೆ. ಇಲ್ಲಿ ಹಾಗಲ್ಲ. ಹೆಂಡತಿ ಮಕ್ಕಳ ಇಕಾಮಾ, ಅಂದರೆ ವಾಸದ ಪರವಾನಗಿ, ದುಡಿಯುವವನ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಅವನು ಮಲಗಿದರೆ ಮಕ್ಕಳ ಶಾಲೆ, ಮನೆ ಬಾಡಿಗೆ, ಊರಿನ ಮನೆ ಸಾಲದ ಕಂತು ಎಲ್ಲವೂ ಅಲುಗಾಡುತ್ತವೆ. ಆ ವಾರ ನಮ್ಮಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ವಿಮೆಯ ಕಾಗದಗಳನ್ನು ಹುಡುಕುವಾಗ ಹಿಂದಿನ ವರ್ಷದ ಆರೋಗ್ಯ ತಪಾಸಣೆಯ ವರದಿ ಸಿಕ್ಕಿತು. ಅದರಲ್ಲಿ ‘ಎಚ್‌ಎಸ್-ಸಿಆರ್‌ಪಿ 4.1’ ಎಂದಿತ್ತು. ಗೆಳೆಯ ಅದನ್ನು ನೋಡಿಯೇ ಇರಲಿಲ್ಲ. ಕಂಪನಿಯ ಲೆಕ್ಕದಲ್ಲಿ ಒಂದು ಹಲಾಲದ ವ್ಯತ್ಯಾಸ ಬಂದರೂ ರಾತ್ರಿಯಿಡೀ ಕೂರುವ ಲೆಕ್ಕಿಗರು ನಾವು, ನಮ್ಮ ರಕ್ತದ ಲೆಕ್ಕವನ್ನು ತೆರೆದೂ ನೋಡುವುದಿಲ್ಲ.

ಏನಿದು ಸಿಆರ್‌ಪಿ? ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದೆ. ಅದು ಉರಿಯೂತ, ದೇಹದ ಕಾವಲು ಪಡೆ ಕೆಲಸ ಮಾಡುತ್ತಿರುವ ಗುರುತು. ಗಾಯ ಮಾಗಿದ ಮೇಲೆ ಪಡೆ ಹಿಂದೆ ಸರಿಯುತ್ತದೆ. ಕೆಲವೊಮ್ಮೆ ಗಾಯವೇ ಇಲ್ಲದಿದ್ದರೂ ಈ ಉರಿ ಸಣ್ಣಗೆ ವರ್ಷಗಟ್ಟಲೆ ಮುಂದುವರಿಯುತ್ತದೆ. ನೋವಿಲ್ಲ, ಜ್ವರವಿಲ್ಲ. ಆದರೆ ರಕ್ತನಾಳದ ಒಳಗೋಡೆ ಹಾಳಾಗುತ್ತಾ ಹೋಗುತ್ತದೆ, ಇನ್ಸುಲಿನ್ ಮಾತು ಕೇಳುವುದನ್ನು ಜೀವಕೋಶಗಳು ಕಡಿಮೆ ಮಾಡುತ್ತವೆ. ಈ ಉರಿ ಇದ್ದಾಗ ಯಕೃತ್ತು ಹೆಚ್ಚಾಗಿ ತಯಾರಿಸುವ ಪ್ರೋಟೀನೇ ಸಿಆರ್‌ಪಿ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು ಎಂಬುದು ವೈದ್ಯರು ಬಳಸುವ ಅಳತೆ. ನೆಗಡಿ, ಹಲ್ಲುನೋವು ಇದ್ದಾಗಲೂ ಇದು ಏರುತ್ತದೆ. ಹಾಗಾಗಿ ಒಂದೇ ವರದಿ ನೋಡಿ ಗಾಬರಿಯಾಗಬೇಕಿಲ್ಲ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂತ ದಾಸ್ತಾನಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ಅದು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ದಕ್ಷಿಣ ಏಷ್ಯಾದವರಾದ ನಮಗೆ ಮೈ ತೆಳ್ಳಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಸೇರುವುದು ಹೆಚ್ಚು. ಅದಕ್ಕೇ ನಮ್ಮ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಂಬ ಬಿಗಿಯಾದ ಗಡಿ ಹಾಕಿದ್ದಾರೆ. ಒಂದು ಶುಕ್ರವಾರ ಟೇಪು ಹಿಡಿದು ಅಳೆದೆವು. ಗಡಿಯೊಳಗಿದ್ದ ಗಂಡಸರು ಇಬ್ಬರೇ!

ಈ ಹೊಟ್ಟೆ ಬಂದದ್ದು ಎಲ್ಲಿಂದ? ಬ್ಯಾಚುಲರ್ ರೂಮಿನ ದಿನಗಳಿಂದಲೇ ಶುರು. ಬೆಳಿಗ್ಗೆ ಸಕ್ಕರೆ ತುಂಬಿದ ಚಹಾ, ಮಧ್ಯಾಹ್ನ ಬುಖಾರಿ ರೈಸ್, ರಾತ್ರಿ ಹನ್ನೊಂದಕ್ಕೆ ಮೈದಾ ಕುಬೂಸ್ ಜೊತೆ ಎಣ್ಣೆ ತೇಲುವ ಸಾರು. ವರ್ಷಾಂತ್ಯದ ಲೆಕ್ಕ ಮುಗಿಸುವಾಗ ಬಕಾಲದಿಂದ ಎನರ್ಜಿ ಡ್ರಿಂಕ್. ಸಂಸಾರ ಬಂದ ಮೇಲೆ ತಟ್ಟೆಯಲ್ಲಿ ಊರಿನ ರುಚಿ ಸೇರಿತು, ಆದರೆ ಬಿಳಿ ಅನ್ನ, ಹೋಳಿಗೆ, ಚಕ್ಕುಲಿಯ ಜೊತೆಗೆ ತಂಪು ಪಾನೀಯದ ದೊಡ್ಡ ಬಾಟಲಿ ಹಾಗೇ ಉಳಿಯಿತು. 330 ಮಿಲಿಲೀಟರಿನ ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ತಪ್ಪನ್ನು ಸೌದಿಯ ಮೇಲೆ ಹಾಕುವಂತಿಲ್ಲ. ಇಲ್ಲಿನ ಸರ್ಕಾರ 2017ರ ಜೂನ್‌ನಲ್ಲೇ ಸೋಡಾ ಪಾನೀಯಗಳ ಮೇಲೆ ಶೇ 50, ಎನರ್ಜಿ ಡ್ರಿಂಕ್ ಮೇಲೆ ಶೇ 100 ಅಬಕಾರಿ ತೆರಿಗೆ ಹಾಕಿತು. 2019ರ ಡಿಸೆಂಬರ್‌ನಲ್ಲಿ ಉಳಿದ ಸಿಹಿ ಪಾನೀಯಗಳನ್ನೂ ಸೇರಿಸಿತು. ಈ ತೆರಿಗೆಯ ಲೆಕ್ಕ ಹಾಕಿದ ಅಕೌಂಟೆಂಟುಗಳು ನಾವೇ, ದುಪ್ಪಟ್ಟು ಬೆಲೆ ಕೊಟ್ಟು ಕುಡಿದವರೂ ನಾವೇ! 2019ರಿಂದ ಹೋಟೆಲುಗಳ ಮೆನುವಿನಲ್ಲಿ ಕ್ಯಾಲರಿ ಬರೆಯುವುದು ಕಡ್ಡಾಯವಾಗಿದೆ. ರಕ್ತನಾಳಕ್ಕೆ ಕೇಡು ಮಾಡುವ, ಉರಿಯೂತ ಹೆಚ್ಚಿಸುವ ಟ್ರಾನ್ಸ್ ಕೊಬ್ಬಿನ ಮೂಲವಾದ ಅರೆ ಹೈಡ್ರೋಜನೀಕೃತ ಎಣ್ಣೆಯನ್ನು 2020ರಲ್ಲಿ ನಿಷೇಧಿಸಲಾಯಿತು. 2024ರ ಜನವರಿಯಲ್ಲಿ ಈ ಕೆಲಸಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಪ್ರಮಾಣಪತ್ರ ಕೊಟ್ಟ ಐದು ದೇಶಗಳಲ್ಲಿ ಸೌದಿಯೂ ಒಂದು.

ಒಳ್ಳೆಯ ಊಟವೂ ಇಲ್ಲಿ ಕೈಗೆಟುಕುತ್ತದೆ. ಕತೀಫ್‌ನ ಮೀನು ಮಾರುಕಟ್ಟೆ ನಮ್ಮಿಂದ ದೂರವಿಲ್ಲ. ಬಂಗುಡೆ, ಬೂತಾಯಿಯಂಥ ಮೀನಿನಲ್ಲಿರುವ ಒಮೆಗಾ-3 ಕೊಬ್ಬು ಉರಿ ತಗ್ಗಿಸಲು ನೆರವಾಗುತ್ತದೆ. ಹುರಿಯುವ ಬದಲು ಪುಳಿಮುಂಚಿ ಮಾಡಿದರೆ ಇನ್ನೂ ಒಳ್ಳೆಯದು. ಸೌದಿಗಳ ಮನೆಯ ಫೂಲ್ ಎಂಬ ಬೇಯಿಸಿದ ಕಾಳು, ಬೇಳೆಯ ಸೂಪು, ‘ಬುರ್’ ಎಂಬ ಇಡೀ ಗೋಧಿಯ ರೊಟ್ಟಿ ಎಲ್ಲವೂ ನಾರಿನಂಶ ಇರುವಂಥವು. 2023ರಲ್ಲಿ ರಾಷ್ಟ್ರೀಯ ಖಾದ್ಯವೆಂದು ಘೋಷಣೆಯಾದ ಜರೀಶ್ ನಮ್ಮ ಗೋಧಿ ನುಚ್ಚಿನ ಗಂಜಿಗೆ ನೆಂಟ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ನಾರನ್ನು ತಿಂದು ಉರಿ ತಣಿಸುವ ಆಮ್ಲಗಳನ್ನು ತಯಾರಿಸುತ್ತವೆ. ಇನ್ನು ರಾಗಿ ಹಿಟ್ಟು ಇಲ್ಲಿನ ಹೈಪರ್ ಮಾರ್ಕೆಟ್‌ನಲ್ಲೇ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ 3 ಗ್ರಾಂಗಿಂತಲೂ ಕಡಿಮೆ.

ವಾಟ್ಸ್ಆ್ಯಪ್‌ನಲ್ಲಿ ಬರುವ ‘ಅರಿಶಿನ ಹಾಲು ಕುಡಿಯಿರಿ, ಉರಿಯೂತ ಮಾಯ’ ಎಂಬ ಸಂದೇಶ ನಂಬಿ ಕೂರಬೇಡಿ. ಅರಿಶಿನದ ಕರ್ಕ್ಯುಮಿನ್ ನಮ್ಮ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಸಾರಿಗೆ ಹಾಕಿ ತಿನ್ನಲು ಅಡ್ಡಿಯಿಲ್ಲ, ಔಷಧಿ ಬಿಟ್ಟು ಅದನ್ನೇ ನೆಚ್ಚಿಕೊಂಡರೆ ಅಪಾಯ. ಒಂದು ಪದಾರ್ಥದಿಂದ ಉರಿ ಹತ್ತುವುದೂ ಇಲ್ಲ, ಆರುವುದೂ ಇಲ್ಲ. ವರ್ಷಗಟ್ಟಲೆ ದಿನವೂ ತಟ್ಟೆಗೆ ಏನು ಬರುತ್ತದೆ ಎಂಬುದರ ಮೊತ್ತವೇ ಮುಖ್ಯ.

ಗೆಳೆಯ ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಶುಕ್ರವಾರದ ಊಟವನ್ನು ಬದಲಿಸಿದೆವು. ತಂಪು ಪಾನೀಯದ ಜಾಗಕ್ಕೆ ಮಜ್ಜಿಗೆ ಬಂತು. ಅನ್ನ ಅರ್ಧಕ್ಕಿಳಿದು ಕೋಸಂಬರಿ, ಪಲ್ಯ, ಹುರುಳಿ ಸಾರು ಹೆಚ್ಚಾದವು. ಅಲ್ ಅಹ್ಸಾದ ಖರ್ಜೂರ ಬಿಡಲಿಲ್ಲ, ಆದರೆ ಬಟ್ಟಲಿನ ಬದಲು ಎರಡೇ ಎರಡು. ಊಟದ ನಂತರ ಸೋಫಾ ಹಿಡಿಯುತ್ತಿದ್ದವರು ಸಂಜೆ ಬಿಸಿಲಿಳಿದ ಮೇಲೆ ಕಾರ್ನಿಷ್‌ನಲ್ಲಿ ನಡೆಯುತ್ತೇವೆ. ಮೊದಮೊದಲು ಮುಖ ಸಿಂಡರಿಸಿದ ಮಕ್ಕಳು ಈಗ ರಾಗಿ ದೋಸೆ ಕೇಳಿ ಹಾಕಿಸಿಕೊಳ್ಳುತ್ತಾರೆ.

ಎಂಟು ತಿಂಗಳ ನಂತರ ಗೆಳೆಯನ ಸಿಆರ್‌ಪಿ 1.6ಕ್ಕೆ ಇಳಿದಿತ್ತು, ಸೊಂಟದ ಬೆಲ್ಟು ಎರಡು ತೂತು ಒಳಗೆ ಹೋಗಿತ್ತು. ಎಲ್ಲವನ್ನೂ ಊಟದ ಖಾತೆಗೆ ಜಮಾ ಮಾಡಿದರೆ ತಪ್ಪು ಲೆಕ್ಕವಾಗುತ್ತದೆ. ಅವನು ನುಂಗುವ ಸ್ಟ್ಯಾಟಿನ್ ಮಾತ್ರೆಯೂ ಸಿಆರ್‌ಪಿ ತಗ್ಗಿಸುತ್ತದೆ. ಮಾತ್ರೆಯೂ ಬೇಕು, ತಟ್ಟೆಯೂ ಬದಲಾಗಬೇಕು ಎಂದು ವೈದ್ಯರು ಹೇಳಿದ್ದನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ.

ಗಲ್ಫ್‌ನಲ್ಲಿ ದುಡಿಯುವ ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ನಮ್ಮದೊಂದು ಕೋರಿಕೆ. ಕಳೆದ ತಪಾಸಣೆಯ ವರದಿ ಯಾವ ಡ್ರಾಯರಿನಲ್ಲಿದೆಯೋ ಇವತ್ತೇ ತೆಗೆದು ಓದಿ, ಅರ್ಥವಾಗದಿದ್ದರೆ ವೈದ್ಯರನ್ನು ಕೇಳಿ. ಊರಿಗೆ ಕಳಿಸುವ ಹಣದ ಲೆಕ್ಕ ಇಟ್ಟಷ್ಟೇ ಕಾಳಜಿಯಿಂದ ಈ ಲೆಕ್ಕವನ್ನೂ ಇಡಿ. ಆ ಹಣ ಕಳಿಸಲು ನಾವು ಗಟ್ಟಿಯಾಗಿರಬೇಕಲ್ಲ!