ಮಳೆಯಲ್ಲಿ ನಿಂತು ಟ್ರೋಫಿ ಪಡೆದ ಪಾಪ್ವಾ

ಧಾರಣೆ, ಗೊಬ್ಬರ, ಬೋರ್ಡೋ ಸಿಂಪರಣೆಗಳಿಗೆ ಮೀಸಲಾದ ಈ ಪುಟಗಳಲ್ಲಿ ಗಾಲ್ಫ್ ಆಟಗಾರನೊಬ್ಬನ ಕಥೆ ಏಕೆಂದು ಸದಸ್ಯ ಬಂಧುಗಳು ಕೇಳಬಹುದು. ಕೇಳುವುದು ನ್ಯಾಯವೇ. ಗಾಲ್ಫ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಳೆಯ ಪ್ಲಾಂಟರ್ಸ್ ಕ್ಲಬ್ಬು, ಬಿಳಿ ಷರಾಯಿಯ ದೊರೆಗಳು, ಅವರ ಹಿಂದೆ ಚೀಲ ಹೊತ್ತು ನಡೆಯುವ ಹುಡುಗರು. ಆ ಕ್ಲಬ್ಬುಗಳ ಮೆಟ್ಟಿಲು ಹತ್ತುವ ಯೋಗ ನಮ್ಮ ಅಜ್ಜಂದಿರಿಗೆ ಇರಲಿಲ್ಲ. ಈ ಲೇಖನ ಅಂಥ ಚೀಲ ಹೊತ್ತ ಹುಡುಗನೊಬ್ಬನನ್ನು ಕುರಿತದ್ದು. ಅವನ ಪೂರ್ವಿಕರೂ ತೋಟದ ಕೆಲಸಕ್ಕೆಂದೇ ಹಡಗು ಹತ್ತಿ ಹೋದವರು.

ಹೆಸರು ಸೆವ್‌ಸಂಕರ್ ಸೆವ್‌ಗೋಲಂ. ಆಂಗ್ಲ ಗುಮಾಸ್ತರ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದ ಕಾಗುಣಿತ ಇದು. ನಮ್ಮ ಬಾಯಲ್ಲಿ ಶಿವಶಂಕರ. ಮನೆಯವರೂ ಊರವರೂ ಕರೆಯುತ್ತಿದ್ದುದು ಪಾಪ್ವಾ ಎಂದು. ಹುಟ್ಟಿದ್ದು 1920ರ ದಶಕದ ಕೊನೆಯಲ್ಲಿ, ದಕ್ಷಿಣ ಆಫ್ರಿಕದ ಡರ್ಬನ್ ನಗರದ ರಿವರ್‌ಸೈಡ್ ಎಂಬ ಬಡವರ ಕೇರಿಯಲ್ಲಿ.

ಭಾರತೀಯರು ಅಲ್ಲಿಗೆ ಹೋದದ್ದು ಹೇಗೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. 1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ಡರ್ಬನ್ ಬಂದರನ್ನು ಮುಟ್ಟಿತು. ಅಲ್ಲಿಂದ 1911ರವರೆಗೆ ಮದರಾಸು ಮತ್ತು ಕಲ್ಕತ್ತಗಳಿಂದ ಸುಮಾರು 1,52,000 ಜನರನ್ನು ಐದು ವರ್ಷದ ಕರಾರಿನ ಮೇಲೆ ನಟಾಲಿನ ತೋಟಗಳಿಗೆ ಸಾಗಿಸಲಾಯಿತು. ಮೊದಲ ವರ್ಷ ತಿಂಗಳಿಗೆ ಹತ್ತು ಷಿಲಿಂಗ್ ಕೂಲಿ. ಅಗ್ರಿಮೆಂಟ್ ಎಂಬ ಪದ ಆ ಜನರ ಬಾಯಲ್ಲಿ ಗಿರ್ಮಿಟ್ ಆಯಿತು. (ಹುಬ್ಬಳ್ಳಿಯವರು ಕ್ಷಮಿಸಬೇಕು, ಇದು ತಿನ್ನುವ ಗಿರ್ಮಿಟ್ ಅಲ್ಲ.) ಮುಖ್ಯ ಬೆಳೆ ಕಬ್ಬು. ಬಿಳಿಯರು ಆ ಕರಾವಳಿಯಲ್ಲಿ ಕಾಫಿಯನ್ನೂ ಹಾಕಿ ನೋಡಿದ್ದರು. ಕಾಂಡಕೊರಕ ಮತ್ತು ರೋಗದ ಹಾವಳಿಗೆ ಸಿಕ್ಕಿ ಅದು ನಿಲ್ಲಲಿಲ್ಲ. ಕಾಂಡಕೊರಕ ಬಿದ್ದ ಗಿಡವನ್ನು ಬುಡ ಸಮೇತ ಕಿತ್ತು ಸುಟ್ಟವರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಾರು ಮುಗಿದ ಮೇಲೂ ಬಹುಪಾಲು ಜನ ಅಲ್ಲೇ ನೆಲೆಸಿ, ತರಕಾರಿ ಬೆಳೆದು, ಮೀನು ಹಿಡಿದು, ಚಿಲ್ಲರೆ ಅಂಗಡಿ ಇಟ್ಟು ಬದುಕಿದರು.

ಪಾಪ್ವಾನಿಗೆ ಶಾಲೆಯ ಓದು ಸರಿಯಾಗಿ ದಕ್ಕಲಿಲ್ಲ. ದಕ್ಕಿದ್ದು ಬೀಚ್‌ವುಡ್ ಎಂಬ ಬಿಳಿಯರ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯ ಕೆಲಸ. ಅಂದರೆ ಆಡುವವರ ದಾಂಡುಗಳ ಚೀಲ ಹೊರುವುದು, ಚೆಂಡು ಹುಡುಕಿ ಕೊಡುವುದು. ಆಡುವುದನ್ನು ಅವನಿಗೆ ಯಾರೂ ಕಲಿಸಲಿಲ್ಲ. ನೋಡಿ ಕಲಿತ. ಹಾಗೆ ಕಲಿತದ್ದರಿಂದಲೇ ಅವನ ಕೈಹಿಡಿತ ಜಗತ್ತಿನ ಯಾವ ಪಾಠಪುಸ್ತಕದಲ್ಲೂ ಇಲ್ಲದ್ದಾಯಿತು.

ಅದು ಹೇಗೆಂದರೆ, ಮರ ಕಡಿಯಲು ಕೊಡಲಿ ಎತ್ತುವ ಬಲಗೈಯವನು ಎಡಗೈಯನ್ನು ಕಾವಿನ ತುದಿಗೂ ಬಲಗೈಯನ್ನು ಅದರ ಮುಂದಕ್ಕೂ ಹಿಡಿಯುತ್ತಾನೆ. ಗಾಲ್ಫ್ ದಾಂಡನ್ನು ಹಿಡಿಯುವ ಕ್ರಮವೂ ಅದೇ. ಪಾಪ್ವಾನದು ಇದಕ್ಕೆ ತಲೆಕೆಳಗು: ಬಲಗೈ ತುದಿಯಲ್ಲಿ, ಎಡಗೈ ಕೆಳಗೆ. ನಿಮ್ಮ ಮನೆಯ ಕೊಡಲಿಯನ್ನು ಹಾಗೆ ಹಿಡಿದು ಒಂದು ಪೆಟ್ಟು ಹಾಕಿ ನೋಡಿ, ಆದರೆ ಪಕ್ಕದಲ್ಲಿ ಯಾರೂ ನಿಂತಿರದಂತೆ ನೋಡಿಕೊಳ್ಳಿ. ಈ ಹಿಡಿತದಿಂದ ಅವನು ಚೆಂಡನ್ನು ದೂರಕ್ಕೂ ಹೊಡೆಯುತ್ತಿದ್ದ, ನಾಲ್ಕೂಕಾಲು ಅಂಗುಲದ ಕುಳಿಗೂ ಬೀಳಿಸುತ್ತಿದ್ದ. ಇಂದು ಕುಳಿಯ ಹತ್ತಿರದ ಸಣ್ಣ ಹೊಡೆತಕ್ಕೆ ಎಡಗೈ ಕೆಳಗೆ ಹಿಡಿಯುವವರು ಬಹಳ ಮಂದಿ ಇದ್ದಾರೆ. 2015ರಲ್ಲಿ ಮಾಸ್ಟರ್ಸ್ ಮತ್ತು ಅಮೆರಿಕದ ಓಪನ್ ಎರಡನ್ನೂ ಗೆದ್ದ ಜೋರ್ಡಾನ್ ಸ್ಪೀತ್ ಅವರಲ್ಲೊಬ್ಬ. ಆದರೆ ಪಾಪ್ವಾ ಎಲ್ಲ ಹೊಡೆತಗಳನ್ನೂ ಹಾಗೆಯೇ ಹೊಡೆದವನು.

1946ರಲ್ಲಿ, ಇನ್ನೂ ಹುಡುಗನಾಗಿರುವಾಗಲೇ, ಬಿಳಿಯರಲ್ಲದವರಿಗಾಗಿ ನಡೆದ ನಟಾಲ್ ಹವ್ಯಾಸಿ ಸ್ಪರ್ಧೆಯನ್ನು ಗೆದ್ದ. ಅನಂತರ ಹತ್ತು ಹನ್ನೆರಡು ವರ್ಷ ಅವನ ಹೆಸರು ತನ್ನವರ ನಡುವೆಯೇ ಉಳಿಯಿತು. ಅವನನ್ನು ಹೊರಜಗತ್ತಿಗೆ ತೋರಿಸಿದವನು ಗ್ರಹಾಂ ವೂಲ್ಫ್ ಎಂಬ ಬಿಳಿಯ ರಸಾಯನಶಾಸ್ತ್ರಜ್ಞ. ಮುಂದೆ ಲೋಕವೆಲ್ಲ ಮುಖಕ್ಕೆ ಹಚ್ಚಿಕೊಂಡ ಓಲೇ ಎಂಬ ಪ್ರಸಾಧನವನ್ನು ಡರ್ಬನ್ನಿನಲ್ಲಿ ತಯಾರಿಸಿದವನು ಇವನೇ. ಈತನ ನೆರವಿನಿಂದ ಪಾಪ್ವಾ 1959ರಲ್ಲಿ ಯೂರೋಪಿಗೆ ಹೋದ. ಹೋದ ವರ್ಷವೇ ಡಚ್ ಓಪನ್ ಗೆದ್ದ. 1960ರಲ್ಲಿ ಮತ್ತೆ ಗೆದ್ದ. 1964ರಲ್ಲಿ ಮೂರನೆಯ ಬಾರಿ ಗೆದ್ದ. 1963ರ ಬ್ರಿಟಿಷ್ ಓಪನ್ನಿನಲ್ಲಿ ಹದಿಮೂರನೆಯ ಸ್ಥಾನಕ್ಕೆ ಬಂದ. ಆ ವರ್ಷ ಅಲ್ಲಿ ಗೆದ್ದವನು ನ್ಯೂಜಿಲೆಂಡಿನ ಬಾಬ್ ಚಾರ್ಲ್ಸ್, ಎಡಗೈ ಆಟಗಾರ. ಅಂಥ ದೊಡ್ಡ ಸ್ಪರ್ಧೆಯನ್ನು ಗೆದ್ದ ಮೊದಲ ಎಡಗೈಯವನು. ಪಾಠಪುಸ್ತಕಗಳಿಗೆ ಅದು ಒಳ್ಳೆಯ ವರ್ಷವಾಗಿರಲಿಲ್ಲ.

ಇಲ್ಲಿ ವೃತ್ತಿಪರ ಗಾಲ್ಫ್ ಆಟಗಾರನ ಸಂಪಾದನೆಯ ಬಗೆಯನ್ನು ವಿವರಿಸಬೇಕು. ಮುಂದಿನದು ಅದರಿಂದಲೇ ಅರ್ಥವಾಗುತ್ತದೆ. ಅವನಿಗೆ ಸಂಬಳವಿಲ್ಲ. ಪ್ರಯಾಣದ ಖರ್ಚು, ವಸತಿ, ಪ್ರವೇಶ ಶುಲ್ಕ ಎಲ್ಲವೂ ಕೈಯಿಂದಲೇ. ಸ್ಪರ್ಧೆ ಸಾಮಾನ್ಯವಾಗಿ ನಾಲ್ಕು ಸುತ್ತು, ಸುತ್ತಿಗೆ ಹದಿನೆಂಟು ಕುಳಿ, ಒಟ್ಟು ಎಪ್ಪತ್ತೆರಡು. ಅತಿ ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದಂತೆ. ದೊಡ್ಡ ಸ್ಪರ್ಧೆಗಳಲ್ಲಿ ಎರಡು ಸುತ್ತಿನ ಬಳಿಕ ಹಿಂದುಳಿದವರನ್ನು ಮನೆಗೆ ಕಳಿಸುತ್ತಾರೆ. ಅವರಿಗೆ ಬಹುಮಾನದ ಹಣದಲ್ಲಿ ಪಾಲಿಲ್ಲ. ನಮ್ಮ ಕಸುಬೂ ಹೀಗೆಯೇ ಅಲ್ಲವೇ? ವರ್ಷವಿಡೀ ಹಾಕುವುದು, ಒಂದು ಕೊಯ್ಲಿನಲ್ಲಿ ತೆಗೆಯುವುದು. ಒಂದು ಮಾತಿನಲ್ಲಿ ಮಾತ್ರ ಗಾಲ್ಫ್ ನಮ್ಮ ಕಸುಬಿಗಿಂತ ಮೇಲು. ಒಳ್ಳೆಯ ಬೆಟ್ಟೆಯನ್ನು ವ್ಯಾಪಾರಿ ಗೊರಬಲಿನ ಧಾರಣೆಗೆ ಕೇಳಿದರೆ ನಾವು ವಾದಕ್ಕೆ ನಿಲ್ಲಬೇಕಾಗುತ್ತದೆ. ಗಾಲ್ಫಿನಲ್ಲಿ ಹೊಡೆತಗಳ ಲೆಕ್ಕಕ್ಕೆ ವಾದವಿಲ್ಲ. ಯಾರ ಮಗ, ಯಾವ ಬಣ್ಣ, ದಾಂಡು ಹಿಡಿದದ್ದು ಹೇಗೆ ಎಂದು ಆ ಅಂಕೆ ಕೇಳುವುದಿಲ್ಲ.

ಆದಕಾರಣ ಇಂಥವನನ್ನು ತಡೆಯಬೇಕಾದರೆ ಉಳಿಯುವ ದಾರಿ ಒಂದೇ, ಮೈದಾನದೊಳಕ್ಕೇ ಬಿಡದಿರುವುದು.

ದಕ್ಷಿಣ ಆಫ್ರಿಕದಲ್ಲಿ ಅದಕ್ಕೆ ಬೇಕಾದ ಕಾನೂನು ಸಿದ್ಧವಾಗಿಯೇ ಇತ್ತು. 1950ರ ಗ್ರೂಪ್ ಏರಿಯಾಸ್ ಕಾಯಿದೆಯ ಪ್ರಕಾರ ನೆಲವನ್ನೆಲ್ಲ ಬಣ್ಣಕ್ಕೆ ತಕ್ಕಂತೆ ಹಂಚಲಾಗಿತ್ತು. ಬಿಳಿಯರ ವಲಯದ ಮೈದಾನದಲ್ಲಿ ಭಾರತೀಯನೊಬ್ಬ ಆಡಬೇಕಾದರೆ ಸರ್ಕಾರದ ಪರವಾನಗಿ ಬೇಕು. ಯೂರೋಪಿನಲ್ಲಿ ಎರಡು ಸಲ ರಾಷ್ಟ್ರೀಯ ಸ್ಪರ್ಧೆ ಗೆದ್ದು ಬಂದವನು ತನ್ನೂರಿನ ಸ್ಪರ್ಧೆಗೆ ಅರ್ಜಿ ಹಿಡಿದು ಕಾಯಬೇಕು.

1963ರಲ್ಲಿ ಪರವಾನಗಿ ಸಿಕ್ಕಿತು. ಡರ್ಬನ್ ಕಂಟ್ರಿ ಕ್ಲಬ್ಬಿನ ಮೈದಾನದಲ್ಲಿ ನಟಾಲ್ ಓಪನ್. ಮೈದಾನಕ್ಕೆ ಪ್ರವೇಶವುಂಟು, ಕ್ಲಬ್ಬಿನ ಕಟ್ಟಡಕ್ಕೆ ಇಲ್ಲ. ಎಂದರೆ ಊಟದ ಕೋಣೆಯೂ ಇಲ್ಲ, ಬಟ್ಟೆ ಬದಲಿಸುವ ಕೋಣೆಯೂ ಇಲ್ಲ. ಪಾಪ್ವಾ ಗೆದ್ದ. ಬಹುಮಾನ ವಿತರಣೆಯ ಹೊತ್ತಿಗೆ ಮಳೆ ಹಿಡಿಯಿತು. ಬಿಳಿಯ ಆಟಗಾರರೂ ಅತಿಥಿಗಳೂ ಕಟ್ಟಡದೊಳಗೆ ಇದ್ದರು. ಗೆದ್ದವನು ಹೊರಗೆ ಮಳೆಯಲ್ಲಿ ನಿಂತಿದ್ದ. ಟ್ರೋಫಿಯನ್ನು ಹೊರಗೇ ತಂದು ಅವನ ಕೈಗಿತ್ತರು. ಆ ಗಳಿಗೆಯ ಚಿತ್ರ ದೇಶದೇಶದ ಪತ್ರಿಕೆಗಳಲ್ಲಿ ಅಚ್ಚಾಯಿತು.

ಆ ಚಿತ್ರದ ಬಗೆಗೆ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಅದನ್ನು ನೋಡಿ ಅಯ್ಯೋ ಪಾಪ ಎನ್ನುವುದು ಸುಲಭ. ನನಗೆ ಹೆಚ್ಚು ಕಾಡುವುದು ಆ ಒಳಗಿದ್ದವರು. ನಾಲ್ಕು ಸುತ್ತು ಆ ಮನುಷ್ಯನೊಂದಿಗೆ ಒಂದೇ ಹುಲ್ಲಿನ ಮೇಲೆ ನಡೆದು, ಒಂದೇ ಕುಳಿಯಿಂದ ಚೆಂಡು ಎತ್ತಿಕೊಂಡು, ಕೊನೆಗೆ ಅವನನ್ನು ಹೊರಗೆ ಬಿಟ್ಟು ಸೂರಿನಡಿ ನಿಂತವರು. ಅವರೆಲ್ಲ ಕೆಟ್ಟವರಾಗಿದ್ದರೆಂದು ನಾನು ಹೇಳಲಾರೆ. ಕಾನೂನು ಹಾಗಿದೆ ಎಂದುಕೊಂಡಿರಬೇಕು. ನಮ್ಮ ಊರುಗಳಲ್ಲೂ ತೋಟದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಅಡಿಕೆ ಹೊತ್ತವನಿಗೆ ಮಧ್ಯಾಹ್ನದ ಕಾಫಿಯನ್ನು ಅಂಗಳದಾಚೆ ಬೇರೆ ಲೋಟದಲ್ಲಿ ಕೊಟ್ಟ ಕಾಲ ಬಹಳ ಹಿಂದಿನದೇನಲ್ಲ.

1965ರಲ್ಲಿ ಅದೇ ಮೈದಾನ, ಅದೇ ನಟಾಲ್ ಓಪನ್. ಈ ಬಾರಿ ಕಣದಲ್ಲಿ ಗ್ಯಾರಿ ಪ್ಲೇಯರ್ ಇದ್ದ. ದಕ್ಷಿಣ ಆಫ್ರಿಕದವನೇ, ಪಾಪ್ವಾ ಯೂರೋಪಿಗೆ ಕಾಲಿಟ್ಟ 1959ರಲ್ಲೇ ಬ್ರಿಟಿಷ್ ಓಪನ್ ಗೆದ್ದು, 1961ರಲ್ಲಿ ಮಾಸ್ಟರ್ಸ್, 1962ರಲ್ಲಿ ಅಮೆರಿಕದ ಪಿ.ಜಿ.ಎ. ಗೆದ್ದು ಲೋಕಪ್ರಸಿದ್ಧನಾಗಿದ್ದವನು. ಪಾಪ್ವಾ ಅವನನ್ನು ಹಿಂದಿಕ್ಕಿ ಸ್ಪರ್ಧೆ ಗೆದ್ದ. ಅದೇ ವರ್ಷ ಜೂನ್ ತಿಂಗಳಲ್ಲಿ ಪ್ಲೇಯರ್ ಅಮೆರಿಕದ ಓಪನ್ನನ್ನೂ ಗೆದ್ದು, ಗಾಲ್ಫಿನ ನಾಲ್ಕು ಮಹಾಸ್ಪರ್ಧೆಗಳನ್ನೂ ಗೆದ್ದ ಮೂರನೆಯ ಆಟಗಾರನೆನಿಸಿದ. ಪಾಪ್ವಾನಿಗೆ ಒದಗಿದ್ದು ಬೇರೆ. ಸರ್ಕಾರ ಅವನಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಪ್ರೇಕ್ಷಕನಾಗಿಯೂ ಆ ಮೈದಾನಗಳಿಗೆ ಕಾಲಿಡಕೂಡದೆಂದಿತು. ಪಾಸ್‌ಪೋರ್ಟನ್ನೂ ಹಿಂದಕ್ಕೆ ತೆಗೆದುಕೊಂಡಿತು. ಒಳಗಿನ ಬಾಗಿಲೂ ಮುಚ್ಚಿತು, ಹೊರಗಿನ ಬಾಗಿಲೂ ಮುಚ್ಚಿತು.

ಸಂಬಳವಿಲ್ಲದ ವೃತ್ತಿಪರ ಆಟಗಾರನಿಗೆ ಇದರ ಅರ್ಥವೇನೆಂದು ಲೆಕ್ಕ ಹಾಕಿ ನೋಡಬೇಕು. ಫಸಲು ಮರದ ಮೇಲಿದೆ, ಕೊಯ್ಯಲು ಕೈಯಿದೆ, ಆದರೆ ಯಾವ ಪೇಟೆಯಲ್ಲೂ ಅದನ್ನು ಇಳಿಸುವಂತಿಲ್ಲ. ಆಟಗಾರನ ಕೈಚಳಕ ಕಣಜದಲ್ಲಿ ಕೂಡಿಡುವ ವಸ್ತುವಲ್ಲ. ಮೂವತ್ತೈದರ ಆಸುಪಾಸಿನಲ್ಲಿ, ಗಾಲ್ಫ್ ಆಟಗಾರನಿಗೆ ಕಸುವೂ ಅನುಭವವೂ ಕೂಡಿ ಬರುವ ವಯಸ್ಸಿನಲ್ಲಿ, ಅವನ ವೃತ್ತಿ ನಿಂತಿತು. ಅವನನ್ನು ಸೋಲಿಸಿ ಮನೆಗೆ ಕಳಿಸಿದ ಎದುರಾಳಿ ಯಾರೂ ಇಲ್ಲ.

ಗ್ಯಾರಿ ಪ್ಲೇಯರ್ ಬಗೆಗೆ ಒಂದು ಮಾತು. ಜನಾಂಗಗಳು ಬೇರೆಬೇರೆ ಇರಬೇಕೆಂಬ ಸರ್ಕಾರದ ನೀತಿಯನ್ನು ಅವನು 1966ರಲ್ಲಿ ತನ್ನ ಪುಸ್ತಕದಲ್ಲಿ ಸಮರ್ಥಿಸಿದ್ದ. 1969ರಲ್ಲಿ ಅಮೆರಿಕದ ಡೇಟನ್ ನಗರದಲ್ಲಿ ಆಡುವಾಗ ಪ್ರತಿಭಟನಕಾರರು ಅವನ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಮುಂದೆ ಅವನ ಮನಸ್ಸು ತಿರುಗಿತು. 1971ರಲ್ಲಿ ಅಮೆರಿಕದ ಕರಿಯ ಆಟಗಾರ ಲೀ ಎಲ್ಡರ್‌ನನ್ನು ದಕ್ಷಿಣ ಆಫ್ರಿಕದಲ್ಲಿ ಆಡಲು ಆಹ್ವಾನಿಸಿದವನು ಅವನೇ. ಮನಸ್ಸು ಬದಲಾಯಿಸಿದವನನ್ನು ಹಳೆಯ ಮಾತಿಗೆ ಕಟ್ಟಿ ಹಾಕುವುದು ಸರಿಯಲ್ಲ. ಆದರೆ ಡರ್ಬನ್ನಿನಲ್ಲಿ ಆ ಹೊತ್ತಿಗೆ ಪಾಪ್ವಾನ ಅತ್ಯುತ್ತಮ ವರ್ಷಗಳು ಕಳೆದುಹೋಗಿದ್ದವು.

ಆ ಮಳೆಯ ಚಿತ್ರ ಮಾತ್ರ ಸುಮ್ಮನೆ ಕೂರಲಿಲ್ಲ. ದಕ್ಷಿಣ ಆಫ್ರಿಕದೊಂದಿಗೆ ಆಡಬಾರದೆಂದು ಹೋರಾಡಿದವರ ಕೈಗೆ ಅದೊಂದು ಸಾಕ್ಷಿಯಾಯಿತು. 1964ರ ಟೋಕಿಯೋ ಒಲಿಂಪಿಕ್ಸಿಗೆ ಆ ದೇಶವನ್ನು ಸೇರಿಸಲಿಲ್ಲ. 1970ರಲ್ಲಿ ಒಲಿಂಪಿಕ್ ಸಂಸ್ಥೆಯಿಂದಲೇ ಹೊರಹಾಕಿದರು. 1974ರಲ್ಲಿ ನಮ್ಮ ದೇಶ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಪಂದ್ಯಕ್ಕೆ ಬಂದು, ಎದುರಾಳಿ ದಕ್ಷಿಣ ಆಫ್ರಿಕ ಎಂಬ ಕಾರಣಕ್ಕೆ ಆಡದೆಯೇ ಕಪ್ಪನ್ನು ಬಿಟ್ಟುಕೊಟ್ಟದ್ದು ನಮ್ಮ ಹಿರಿಯ ಸದಸ್ಯರಿಗೆ ನೆನಪಿದ್ದೀತು. ಅಮೃತರಾಜ್ ಸಹೋದರರ ಕೈಗೆ ಬಂದಿದ್ದ ಅವಕಾಶ ಅದು. ಅವರಿಗೂ ನಷ್ಟವೇ ಆಯಿತು. ಆದರೂ ನಾವು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ನಮ್ಮಲ್ಲಿ ಚೀಲ ಹೊತ್ತ ಹುಡುಗರ ಕಥೆ ಬೇರೆ ದಾರಿ ಹಿಡಿಯಿತು ಎಂಬುದನ್ನೂ ಇಲ್ಲಿ ದಾಖಲಿಸಬೇಕು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಆಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವನು. 2009ರಲ್ಲಿ ಅದೇ ಸ್ಪರ್ಧೆಯನ್ನು ಗೆದ್ದ ಸಿ. ಮುನಿಯಪ್ಪ ನಮ್ಮ ಬೆಂಗಳೂರಿನವನು, ಅವನೂ ಕ್ಯಾಡಿಯಾಗಿಯೇ ಆರಂಭಿಸಿದವನು. 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬು ಕಂಡ ಊರಿನಲ್ಲಿ ಇಂಥ ಗೆಲುವಿಗೆ ಇಷ್ಟು ವರ್ಷ ಬೇಕಾಯಿತೇ ಎಂದು ಕೇಳಬಹುದು. ಆದರೂ ಈ ಇಬ್ಬರೂ ಬಹುಮಾನ ಪಡೆದದ್ದಕ್ಕೆ ಯಾವ ಸರ್ಕಾರದ ಪರವಾನಗಿಯೂ ಬೇಕಿರಲಿಲ್ಲ.

ಪಾಪ್ವಾ 1978ರ ಜುಲೈಯಲ್ಲಿ ಹೃದಯಾಘಾತದಿಂದ ತೀರಿಕೊಂಡ. ಐವತ್ತು ತುಂಬಿರಲಿಲ್ಲ, ಕೈಯಲ್ಲಿ ಕಾಸೂ ಇರಲಿಲ್ಲ. ಬಣ್ಣದ ಕಾಯಿದೆಗಳು 1991ರಲ್ಲಿ ರದ್ದಾದವು, 1994ರಲ್ಲಿ ಎಲ್ಲರೂ ಮತ ಹಾಕಿದ ಸರ್ಕಾರ ಬಂತು. 2005ರಲ್ಲಿ ಕ್ರಿಸ್ ನಿಕೊಲ್ಸನ್ ಎಂಬ ಅಲ್ಲಿಯ ನ್ಯಾಯಾಧೀಶರು ಅವನ ಜೀವನಚರಿತ್ರೆ ಬರೆದರು. ಅವನು ಚೀಲ ಹೊತ್ತ ಬೀಚ್‌ವುಡ್ ಮೈದಾನ ಉಮ್ಗೇನಿ ನದಿ ಸಮುದ್ರ ಸೇರುವಲ್ಲಿಗೆ ಹತ್ತಿರ. ಅದೇ ನದಿಯ ಮೇಲ್ದಂಡೆಯಲ್ಲಿ, ಭಾರತೀಯರು ಹೆಚ್ಚಾಗಿ ನೆಲೆಸಿರುವ ಬಡಾವಣೆಗಳ ಪಕ್ಕದಲ್ಲಿ, ನಗರಸಭೆಯ ಗಾಲ್ಫ್ ಮೈದಾನವೊಂದಕ್ಕೆ ಪಾಪ್ವಾ ಸೆವ್‌ಗೋಲಂ ಎಂದು ಹೆಸರಿಟ್ಟಿದ್ದಾರೆ.