ಖತ್ನಾಕ್ಕೆ ಮೊದಲು ಕೇಳಬೇಕಾದ ಮಾತು



ಗಾಯವಾದಾಗ ನಮ್ಮ ರಕ್ತದಲ್ಲಿರುವ ಫೈಬ್ರಿನೋಜನ್ ಎಂಬ ಪ್ರೋಟೀನ್ ನೂಲಿನ ಬಲೆಯಂತೆ ಹೆಣೆದುಕೊಂಡು ರಕ್ತ ಹರಿಯುವುದನ್ನು ನಿಲ್ಲಿಸುತ್ತದೆ. ಸುಮಾರು 10 ಲಕ್ಷಕ್ಕೆ ಒಂದು ಮಗುವಿನಲ್ಲಿ ಅದು ಹುಟ್ಟಿನಿಂದಲೇ ಇರುವುದಿಲ್ಲ. ಹೊಕ್ಕುಳಬಳ್ಳಿಯ ಜಾಗದಿಂದ ರಕ್ತ ಒಸರುತ್ತಲೇ ಇರುವುದು ಹಲವು ಬಾರಿ ಇದರ ಮೊದಲ ಸೂಚನೆ. ಅದು ಗಮನಕ್ಕೆ ಬಾರದಿದ್ದರೆ ಖತ್ನಾದ ದಿನ ಕಾಯಿಲೆ ಬಯಲಾಗಬಹುದು.

ತಂದೆ ತಾಯಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಲ್ಲೂ ಈ ದೋಷದ ವಂಶವಾಹಿ ಅಡಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಹತ್ತಿರದ ಸಂಬಂಧದ ಮದುವೆಗಳಲ್ಲಿ ಇದು ಹೆಚ್ಚು. ಹಿಮೋಫಿಲಿಯಾ ಬೇರೆ, ಅದು ಸಾಮಾನ್ಯವಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಸಣ್ಣ ಗಾಯಕ್ಕೂ ರಕ್ತ ಹರಿದು ಗಂಡಸರು ಸಾಯುತ್ತಿದ್ದ ಕುಟುಂಬಗಳ ಬಗ್ಗೆ ಸಾವಿರ ವರ್ಷಗಳ ಹಿಂದೆಯೇ ಸ್ಪೇನಿನ ವೈದ್ಯ ಅಝ್ಝಹ್ರಾವಿ ಬರೆದಿದ್ದಾರೆ.

ಹೆಣ್ಣುಮಕ್ಕಳ ಸಂಬಂಧ ತಪ್ಪೀತೆಂದು ಇಂಥ ವಿಷಯವನ್ನು ಮುಚ್ಚಿಡಬೇಡಿ. ಅಣ್ಣನಿಗೋ ಸೋದರಮಾವನಿಗೋ ರಕ್ತ ನಿಲ್ಲದ ತೊಂದರೆಯಿತ್ತೇ ಎಂದು ಹಿರಿಯರನ್ನು ಕೇಳಿ, ವೈದ್ಯರಿಗೆ ಹೇಳಿ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ. ಕೊರತೆಯಿದ್ದರೆ ಆಸ್ಪತ್ರೆಯಲ್ಲಿ ಫೈಬ್ರಿನೋಜನ್ ಅಥವಾ ಕ್ರಯೋಪ್ರೆಸಿಪಿಟೇಟ್ ಏರಿಸಿ ಖತ್ನಾ ಮಾಡಬಹುದು. ಇಂಥ ಮಗುವಿಗೆ ಆಸ್ಪಿರಿನ್ ಕೊಡಬೇಡಿ.

ಜೀವಕ್ಕೆ ಅಪಾಯವಿದ್ದರೆ ಖತ್ನಾ ಮುಂದೂಡಲು ಶರೀಅತ್ತಿನಲ್ಲಿ ಅನುಮತಿಯಿದೆ. ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.