ಗಂಜಲ ಕೆಂಪಾದ್ರೆ ಅದು ರಕ್ತವೇ? ಗಾಜಿನ ಲೋಟದಲ್ಲಿ ನೋಡಿ

ಹಸು ಕೆಂಪಗೆ ಗಂಜಲ ಹಾಕಿದ್ರೆ ಎಲ್ಲರೂ ಹೇಳೋದು ಒಂದೇ: "ರಕ್ತ ಹೋಗ್ತಿದೆ". ಆದರೆ ಕೆಂಪಾಗಿರೋದೆಲ್ಲ ರಕ್ತ ಅಲ್ಲ. ಕಾರಣ ಬೇರೆ ಆದ್ರೆ ಚಿಕಿತ್ಸೆಯೂ ಬೇರೆ.

ಮೊದಲು ಪಶುವೈದ್ಯರಿಗೆ ಫೋನ್ ಮಾಡಿ. ಅವರು ಬರುವಷ್ಟರಲ್ಲಿ ಈ ಕೆಲಸ ಮುಗಿಸಿ. ಗಂಜಲ ನೆಲಕ್ಕೆ ಬೀಳುವ ಮೊದಲೇ ಶುಭ್ರವಾದ ಗಾಜಿನ ಲೋಟದಲ್ಲಿ ಹಿಡಿದು, ಅಲುಗಾಡಿಸದೆ ಇಡಿ.

ತಳದಲ್ಲಿ ಕೆಂಪು ಕೂತು ಮೇಲೆ ತಿಳಿಯಾದ್ರೆ: ನಿಜವಾದ ರಕ್ತ. ರಕ್ತಕಣಗಳು ಇಡಿಯಾಗಿರೋದ್ರಿಂದ ಕೆಳಗೆ ಇಳಿಯುತ್ತವೆ. ಮೂತ್ರಕೋಶದ ಸೋಂಕು, ಕಲ್ಲು ಅಥವಾ ಪೆಟ್ಟು ಕಾರಣ ಇರಬಹುದು. ಗುಡ್ಡಗಾಡಿನಲ್ಲಿ ಬಹಳ ಕಾಲ ಕೆಲವು ಜಾತಿಯ ಜರಿಗಿಡ ಮೇಯ್ದ ದನಗಳಲ್ಲೂ ಹೀಗಾಗುತ್ತೆ.

ಮೇಲಿಂದ ಕೆಳಗೆ ಒಂದೇ ಬಣ್ಣ, ಕಾಫಿ ಡಿಕಾಕ್ಷನ್ ಥರ ಇದ್ರೆ: ರಕ್ತಕಣಗಳು ಮೈಯೊಳಗೇ ಒಡೆದು, ಹಿಮೋಗ್ಲೋಬಿನ್ ಗಂಜಲದಲ್ಲಿ ಕರಗಿ ಬರ್ತಿದೆ. ಕರಗಿದ ಬಣ್ಣ ತಳ ಸೇರಲ್ಲ. ಇದೇ ಹೆಚ್ಚು ಅವಸರದ್ದು.

ಈಗ ಥರ್ಮಾಮೀಟರ್ ಹಿಡಿಯಿರಿ. ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದು, ಮೈಮೇಲೆ ಉಣ್ಣೆ ಇದ್ರೆ ಬೆಬಿಸಿಯೋಸಿಸ್ ಅನುಮಾನ. ಜ್ವರ ಇಲ್ಲ, ಕರು ಹಾಕಿ ಕೆಲವೇ ವಾರ ಆಗಿದೆ ಅಂದ್ರೆ ರಂಜಕದ ಕೊರತೆ ಇರಬಹುದು. ಎಮ್ಮೆಗಳಲ್ಲಿ ಇದು ಹೆಚ್ಚು. ಒಸಡು, ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ ರಕ್ತಹೀನತೆ ಶುರುವಾಗಿದೆ ಅಂತ ಅರ್ಥ.

ಲೋಟದ ಫೋಟೋ ಬಿಸಿಲಲ್ಲಿ, ಬಿಳಿ ಕಾಗದ ಹಿಂದಿಟ್ಟು ತೆಗೆದು ವೈದ್ಯರಿಗೆ ಕಳಿಸಿ. ಲೋಟ ನೋಡಿ ರೋಗ ಖಚಿತ ಆಗಲ್ಲ, ದಾರಿ ಮಾತ್ರ ಗೊತ್ತಾಗುತ್ತೆ. ಇಂಜೆಕ್ಷನ್ ಕೊಡುವ ಮೊದಲೇ ರಕ್ತಲೇಪನ ಪರೀಕ್ಷೆಗೆ ಕೇಳಿ. ವೈದ್ಯರು ಸಿಗದಿದ್ರೆ ಪಶು ಸಹಾಯವಾಣಿ 1962. ಸಾವಯವ ಕೃಷಿಕರೇ, ಇಲ್ಲಿ ಕಷಾಯ ನಂಬಿ ದಿನ ಕಳೆಯಬೇಡಿ.